ಬಾಟಲಿಯಲ್ಲಿರುವುದು ಎಳಸುತನವೋ, ಗ್ಯಾಸೋ?

ಪ್ರಶ್ನೆ: ದ್ರಾಕ್ಷಿಯ ಗಟ್ಟಿರಸ, ಯೀಸ್ಟ್ ಎಲ್ಲ ಒಟ್ಟಿಗೆ ಬರುವ ಕಿಟ್ ತಂದು ಮನೆಯಲ್ಲೇ ಮೊದಲ ಸಲ ಕೆಂಪು ವೈನ್ ಮಾಡಿದ್ದೇನೆ. ಕ್ಯಾಬರ್ನೆ ಸೊವಿನ್ಯೋನ್ ಮಾದರಿಯದು, 23 ಲೀಟರ್. ಕೈಪಿಡಿಯಲ್ಲಿ ಇದ್ದಂತೆಯೇ ಆರು ವಾರಕ್ಕೆ ಬಾಟಲಿಗೆ ತುಂಬಿದೆ. 29 ಬಾಟಲಿ ಆಯಿತು. ಈಗ ಮೂರು ತಿಂಗಳು. ಐದನ್ನು ತೆರೆದಿದ್ದೇನೆ. ಐದರಲ್ಲೂ ನಾಲಿಗೆಯ ತುದಿ ಚುರುಗುಟ್ಟುತ್ತದೆ, ಹುಳಿ ಮುಂದೆ ನಿಲ್ಲುತ್ತದೆ, ಹಣ್ಣಿನ ರುಚಿ ಎಲ್ಲೋ ಹಿಂದೆ ಉಳಿಯುತ್ತದೆ. ತೆರೆದ ಕೂಡಲೇ ಬೆಂಕಿಕಡ್ಡಿ ಗೀರಿದಂಥ ಸಣ್ಣ ವಾಸನೆ. ತಳದಲ್ಲಿ ನೇರಳೆ ಬಣ್ಣದ ಮಡ್ಡಿ. ಒಬ್ಬ ಗೆಳೆಯ ‘ಐದು ವರ್ಷ ಮುಟ್ಟಬೇಡ’ ಎನ್ನುತ್ತಾನೆ. ಇನ್ನೊಬ್ಬ ‘ಕಿಟ್ ವೈನ್ ಮಾಗುವುದೇ ಇಲ್ಲ, ಕುಡಿದು ಮುಗಿಸು’ ಎನ್ನುತ್ತಾನೆ. ಮೂರನೆಯವನು ‘ಡಿಕ್ಯಾಂಟರಿಗೆ (ವೈನ್ ಬಸಿದಿಡುವ ಅಗಲ ತಳದ ಗಾಜಿನ ಹೂಜಿಗೆ) ಸುರಿ, ಎಲ್ಲ ಸರಿಹೋಗುತ್ತದೆ’ ಎಂದ. ಸುರಿದು ರಾತ್ರಿಯಿಡೀ ಬಿಟ್ಟೆ. ಚುರುಗುಟ್ಟುವುದು ನಿಂತಿತ್ತು, ಆದರೆ ವೈನ್ ಸಪ್ಪೆಯಾಗಿ ಹೆಚ್ಚಿಟ್ಟ ಸೇಬಿನ ವಾಸನೆ ಬರುತ್ತಿತ್ತು. ಉಳಿದ 24 ಬಾಟಲಿಗಳನ್ನು ಮತ್ತೆ ದೊಡ್ಡ ಜಾಡಿಗೆ ಸುರಿದು ಮಾಗಿಸಲೇ? ಬಾಟಲಿಗಳನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ನಿಲ್ಲಿಸಿ ಇಟ್ಟಿದ್ದೇನೆ.

ಉತ್ತರ: ನೀವು ಒಂದು ಪ್ರಶ್ನೆ ಕೇಳಿದ್ದೀರಿ, ಅದರೊಳಗೆ ಮೂರಿವೆ: ಈ ವೈನ್ ಕೆಟ್ಟಿದೆಯೇ, ಕಾದರೆ ಸುಧಾರಿಸೀತೇ, ಬಸಿದರೆ ಸುಧಾರಿಸೀತೇ. ಕೆಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಾಡಿಗೆ ವಾಪಸು ಸುರಿಯುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಬದಿಗಿಡಿ.

ಮನೆಯಲ್ಲಿ ಮಾಡಿದ ವೈನನ್ನು ಪರೀಕ್ಷಿಸಿಕೊಡಿ ಎಂದು ಬರುವವರ ಬಾಟಲಿಗಳನ್ನು ತೆರೆಯುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಕಿಟ್‌ನ ಕೆಂಪು ವೈನ್ ಹಿಡಿದು ಬಂದು ‘ಇನ್ನೂ ಎಳಸು’ ಎನ್ನುವವರ ಬಾಟಲಿಯಲ್ಲಿ ಹೆಚ್ಚಿನ ಸಲ ನನಗೆ ಸಿಗುವುದು ಎಳಸುತನವಲ್ಲ, ಇಂಗಾಲದ ಡೈಆಕ್ಸೈಡ್. ನಾಲಿಗೆಯ ತುದಿ ಚುರುಗುಟ್ಟುತ್ತದೆ ಎಂದು ನೀವು ಬರೆದ ಸಾಲು ಓದಿದಾಗಲೇ ನನ್ನ ಅನುಮಾನ ಅತ್ತ ಹೋಯಿತು. ಎಳೆಯ ವೈನಿನ ಒಗರು ಹಾಗೆ ಚುಚ್ಚುವುದಿಲ್ಲ. ಅದು ಒಸಡು, ಕೆನ್ನೆಯ ಒಳಭಾಗವನ್ನು ಒಣಗಿಸಿ ಹಿಡಿದುಕೊಳ್ಳುತ್ತದೆ. ಚುಚ್ಚುವುದು ಗ್ಯಾಸಿನ ಸ್ವಭಾವ. ನೀರಿನಲ್ಲಿ ಕರಗಿದ ಈ ಅನಿಲ ತಾನೇ ಒಂದು ಆಮ್ಲವಾಗಿ ಹುಳಿಯನ್ನು ಹೆಚ್ಚಿಸಿ ತೋರಿಸುತ್ತದೆ, ಒಗರನ್ನು ಒರಟು ಮಾಡುತ್ತದೆ. ಅದರ ಹಿಂದೆ ಹಣ್ಣು ಮುಚ್ಚಿಹೋಗುತ್ತದೆ.

ನನ್ನ ಮಾತು ನಂಬಬೇಕಾಗಿಲ್ಲ, ನೀವೇ ನೋಡಿ. ಮುಂದಿನ ಬಾಟಲಿ ತೆರೆದಾಗ ಒಂದು ಲೋಟ ಹಾಗೆಯೇ ಬದಿಗಿಡಿ. ಇನ್ನೊಂದು ಲೋಟದಷ್ಟನ್ನು ಖಾಲಿ ಬಾಟಲಿಗೆ ಹಾಕಿ, ಅಂಗೈಯಿಂದ ಬಾಯಿ ಒತ್ತಿ ಮುಚ್ಚಿ, ಹತ್ತು ಸೆಕೆಂಡು ಜೋರಾಗಿ ಕುಲುಕಿ ಕೈ ತೆಗೆಯಿರಿ. ಅಂಗೈಗೆ ಒಳಗಿನಿಂದ ಯಾರೋ ತಳ್ಳಿದಂತಾಗಿ ‘ಫಟ್’ ಎಂದರೆ ಗ್ಯಾಸ್ ಇದೆ. ಮತ್ತೆ ಮುಚ್ಚಿ ಕುಲುಕಿ. ಸದ್ದು ನಿಲ್ಲುವವರೆಗೆ ಐದಾರು ಸಲ. ಈಗ ಎರಡೂ ಲೋಟಗಳನ್ನು ಪಕ್ಕಪಕ್ಕ ಇಟ್ಟು ಗುಟುಕು ಗುಟುಕಾಗಿ ಸವಿಯಿರಿ. ಕುಲುಕಿದ್ದು ದುಂಡಗೆ, ಹುಳಿ ತಗ್ಗಿ ಕಂಡರೆ ನಿಮ್ಮ ತಕರಾರಿನ ಮುಕ್ಕಾಲು ಪಾಲಿಗೆ ಕಾರಣ ಸಿಕ್ಕಂತೆಯೇ. ಎರಡೂ ಒಂದೇ ಥರ ಹುಳಿಯಾಗಿದ್ದರೆ ಅದು ನಿಜವಾದ ಹುಳಿ, ಅದರ ಮಾತು ಬೇರೆ.

ಈ ಗ್ಯಾಸ್ ಎಲ್ಲಿಂದ ಬಂತು? ಸಕ್ಕರೆಯನ್ನು ಯೀಸ್ಟ್ ಅರ್ಧ ಮದ್ಯಸಾರ, ಅರ್ಧ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಒಂದು ಲೀಟರ್ ಕೆಂಪು ವೈನ್ ಹುದುಗುವಾಗ ಹೊರಡುವ ಅನಿಲದ ತೂಕ ಸುಮಾರು 100 ಗ್ರಾಂ. ಬಹುಪಾಲು ಏರ್‌ಲಾಕ್‌ನಲ್ಲಿ, ಅಂದರೆ ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ನೀರಿನ ಮುಚ್ಚಳದಲ್ಲಿ, ಬುಳುಬುಳು ಎಂದು ಹೋಗುತ್ತದೆ. ಆದರೆ ಕೊನೆಯ ಒಂದೂವರೆ ಗ್ರಾಂ ವೈನಿನಲ್ಲೇ ಕರಗಿ ಉಳಿಯುತ್ತದೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ಇರುವ, ನಾಲ್ಕಾರು ಸಲ ಒಂದರಿಂದ ಇನ್ನೊಂದಕ್ಕೆ ಸಾಗುವ ವೈನಿನಿಂದ ಇದು ತಾನಾಗಿ ಕಳಚಿಕೊಳ್ಳುತ್ತದೆ. ಆರು ವಾರದಲ್ಲಿ ಮುಗಿಸುವ ಕಿಟ್‌ಗೆ ಅಷ್ಟು ಪುರುಸೊತ್ತಿಲ್ಲ. ಅದಕ್ಕೇ ಕೈಪಿಡಿಯಲ್ಲಿ ‘ಚೆನ್ನಾಗಿ ಕಲಕಿ ಗ್ಯಾಸ್ ತೆಗೆಯಿರಿ’ ಎಂಬ ಸಾಲು ಇರುತ್ತದೆ. ಎಲ್ಲರೂ ಅದನ್ನು ಎರಡು ನಿಮಿಷ ಮಾಡಿ ಮುಂದೆ ಹೋಗುತ್ತಾರೆ, ಅದೂ ತಣ್ಣಗಿನ ವೈನಿನಲ್ಲಿ. ತಣ್ಣಗಿದ್ದಷ್ಟೂ ದ್ರವ ಅನಿಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. 22ರಿಂದ 24 ಡಿಗ್ರಿ ಸೆಲ್ಸಿಯಸ್ ಇಲ್ಲದೆ ಕಲಕಿದರೆ ಕೈ ನೋವು ಬಂದೀತು, ಗ್ಯಾಸ್ ಹೋಗದು.

ನಿಮ್ಮ ಮಡ್ಡಿಯ ಕಥೆಯೂ ಇದಕ್ಕೇ ಅಂಟಿಕೊಂಡಿರಬಹುದು. ಕಿಟ್‌ನಲ್ಲಿ ವೈನ್ ತಿಳಿಯಾಗಲೆಂದು ಎರಡು ಪೊಟ್ಟಣ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಕೀಸೆಲ್‌ಸೋಲ್ ಮತ್ತು ಕೈಟೋಸಾನ್. ಒಂದರ ವಿದ್ಯುದಂಶ ಋಣ, ಇನ್ನೊಂದರದು ಧನ. ಎರಡೂ ಸೇರಿ ತೇಲುವ ಕಣಗಳನ್ನು ಹಿಡಿದು ತಳಕ್ಕೆ ಎಳೆಯುತ್ತವೆ. ಗ್ಯಾಸ್ ಉಳಿದಿದ್ದರೆ ಸಣ್ಣ ಗುಳ್ಳೆಗಳು ಅದೇ ಕಣಗಳನ್ನು ಮೇಲಕ್ಕೆತ್ತುತ್ತಲೇ ಇರುತ್ತವೆ. ಜಾಡಿಯಲ್ಲಿ ಕೂರಬೇಕಾದ ಚರಟ ಬಾಟಲಿಯಲ್ಲಿ ಕೂರುತ್ತದೆ. ಇದರಿಂದ ಯಾವ ಅಪಾಯವೂ ಇಲ್ಲ. ಸತ್ತ ಯೀಸ್ಟ್, ಬಣ್ಣ, ಒಗರಿನ ಅಂಶ, ಕೆಲವೊಮ್ಮೆ ಸಕ್ಕರೆ ಹರಳಿನಂತೆ ಹೊಳೆಯುವ ಟಾರ್ಟ್ರೇಟ್ (ದ್ರಾಕ್ಷಿಯ ಹುಳಿಯ ಲವಣ), ಇಷ್ಟೇ. ಬಾಯಿಗೆ ಬಂದರೆ ಮಣ್ಣುಮಣ್ಣಾಗಿರುತ್ತದೆ ಅಷ್ಟೆ.

ಒಂದು ಸಂಗತಿಯನ್ನು ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ. ಗ್ಯಾಸ್ ಹಳೆಯದೋ, ಹೊಸದಾಗಿ ಹುಟ್ಟುತ್ತಿದೆಯೋ? ಬಾಟಲಿ ತುಂಬುವಾಗ ಸಕ್ಕರೆ ಉಳಿದಿದ್ದರೆ ಯೀಸ್ಟ್ ಒಳಗೇ ಮತ್ತೆ ಕೆಲಸ ಶುರು ಮಾಡಬಲ್ಲದು. ಆಗ ಬಿರಡೆ ಹೊರಗೆ ಹಾರುತ್ತದೆ, ಇಲ್ಲವೇ ಬಾಟಲಿಯೇ ಒಡೆಯುತ್ತದೆ. ನಿಮ್ಮ ಐದು ಬಾಟಲಿಗಳಲ್ಲಿ ಮೊದಲನೆಯದಕ್ಕಿಂತ ಐದನೆಯದು ಹೆಚ್ಚು ಚುಚ್ಚಿತೇ? ಯಾವುದಾದರೂ ಬಿರಡೆ ಒಂದೆರಡು ಮಿಲಿಮೀಟರ್ ಮೇಲೆದ್ದಿದೆಯೇ? ಕುಲುಕಿ ಗ್ಯಾಸ್ ತೆಗೆದ ವೈನನ್ನು ಅಳತೆ ಗಾಜಿಗೆ ಹಾಕಿ, ದ್ರವದ ಸಾಂದ್ರತೆ ಅಳೆದು ಸಕ್ಕರೆ ಉಳಿದಿದೆಯೇ ಎಂದು ತೋರಿಸುವ ಹೈಡ್ರೋಮೀಟರ್ ಇಳಿಬಿಡಿ. 0.996 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 1.000 ದಾಟಿದ್ದು, ಬಿರಡೆಯೂ ಮೇಲೆದ್ದಿದ್ದರೆ ಬಾಟಲಿಗಳನ್ನು ತಣ್ಣಗಿನ ಜಾಗದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಬಟ್ಟೆ ಹೊದಿಸಿ ಒಂದೊಂದಾಗಿ ತೆರೆಯಬೇಕು. ಗ್ಯಾಸ್ ತೆಗೆಯದೆ ಅಳೆಯಬೇಡಿ. ಗುಳ್ಳೆಗಳು ಹೈಡ್ರೋಮೀಟರನ್ನು ಎತ್ತಿ ಹಿಡಿದು ಸುಳ್ಳು ಅಂಕಿ ತೋರಿಸುತ್ತವೆ. ಆ ಸುಳ್ಳಿಗೆ ಹೆದರಿ ಒಳ್ಳೆಯ ವೈನ್ ಚೆಲ್ಲಿದವರನ್ನು ನಾನು ಕಂಡಿದ್ದೇನೆ.

ಗ್ಯಾಸ್ ಹಳೆಯದೇ ಎಂದಾದರೆ ಐದು ವರ್ಷದ ಗೆಳೆಯನ ಸಲಹೆ ರೋಗವೊಂದು ಮದ್ದೊಂದು ಎಂಬಂತಾಯಿತು. ಬಿಗಿಯಾಗಿ ಬಿರಡೆ ಹಾಕಿದ ಬಾಟಲಿಯಿಂದ ಗ್ಯಾಸ್ ಎಲ್ಲಿಗೆ ಹೋಗಬೇಕು? ವರ್ಷ ಕಳೆದ ಮೇಲೂ ನಾಲಿಗೆ ಚುರುಗುಟ್ಟುತ್ತದೆ, ಅಷ್ಟರಲ್ಲಿ ಹಣ್ಣಿನ ವಾಸನೆ ಮುದುಕಾಗಿರುತ್ತದೆ.

ಹಾಗಂತ ಕಾಯುವುದರಲ್ಲಿ ಅರ್ಥವಿಲ್ಲ ಎನ್ನುವ ಎರಡನೆಯ ಗೆಳೆಯನೂ ಸರಿಯಲ್ಲ. ಮಾಗುವುದು ಎಂದರೆ ನಿರ್ದಿಷ್ಟ ಕೆಲಸ. ಎಳೆಯ ವೈನಿನಲ್ಲಿ ಒಗರಿನ ಅಣುಗಳಾದ ಟ್ಯಾನಿನ್‌ಗಳು ಎಂಜಲಿನ ಪ್ರೊಟೀನ್‌ಗಳನ್ನು ಹಿಡಿದು ಬಾಯಿ ಒಣಗಿಸುತ್ತವೆ. ತಿಂಗಳುಗಳು ಕಳೆದಂತೆ ಅವು ಒಂದಕ್ಕೊಂದು, ಜೊತೆಗೆ ಬಣ್ಣದ ಅಣುಗಳಿಗೂ ಬೆಸೆದುಕೊಳ್ಳುತ್ತವೆ. ಒಗರಿನ ಅಂಚು ಮೆದುವಾಗುತ್ತದೆ, ನೇರಳೆ ಬಣ್ಣ ನಿಧಾನಕ್ಕೆ ಇಟ್ಟಿಗೆಯ ಕಡೆಗೆ ವಾಲುತ್ತದೆ, ಭಾರವಾದದ್ದು ಕೆಳಗಿಳಿಯುತ್ತದೆ. ಇದಕ್ಕೆ ಅತ್ಯಲ್ಪ ಗಾಳಿ ಬೇಕು. ಲೂಯಿ ಪಾಶ್ಚರ್ 1860ರ ದಶಕದಲ್ಲಿ ವೈನನ್ನು ಗಾಜಿನ ನಳಿಕೆಗಳಲ್ಲಿ ತುಂಬಿ ಮುಚ್ಚಿ ನೋಡಿದ್ದ: ಪೂರ್ತಿ ತುಂಬಿದ ನಳಿಕೆಯ ವೈನ್ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು, ಗಾಳಿಯ ಜಾಗ ಬಿಟ್ಟ ನಳಿಕೆಯದು ಬಣ್ಣ ಬದಲಿಸಿ ತಳದಲ್ಲಿ ಗಸಿ ಬಿಟ್ಟಿತು. ವೈನನ್ನು ಮಾಡುವುದೂ ಗಾಳಿಯೇ, ಕೆಡಿಸುವುದೂ ಗಾಳಿಯೇ. ಪ್ರಶ್ನೆ ಎಷ್ಟು ಎಂಬುದು ಮಾತ್ರ.

ಮಾಗಬೇಕಾದರೆ ಒಳಗೆ ಸರಕು ಬೇಕು. ನಿಮ್ಮ ಕಿಟ್‌ನ ಪೆಟ್ಟಿಗೆ ಎಷ್ಟು ಲೀಟರಿನದಾಗಿತ್ತು ಎಂದು ನೀವು ಬರೆದಿಲ್ಲ. ಅದು ಮುಖ್ಯ. ಏಳೆಂಟು ಲೀಟರ್ ಗಟ್ಟಿರಸಕ್ಕೆ ನೀರು ಬೆರೆಸಿ 23 ಮಾಡುವ ಕಿಟ್‌ನಲ್ಲಿ ಟ್ಯಾನಿನ್ ಕಡಿಮೆ. ನನ್ನ ಅನುಭವದಲ್ಲಿ ಅಂಥದ್ದು ಆರರಿಂದ ಹನ್ನೆರಡು ತಿಂಗಳಲ್ಲಿ ತನ್ನ ಮೇಲ್ಮಟ್ಟ ತಲುಪಿ ಆಮೇಲೆ ಇಳಿಯುತ್ತದೆ. 16, 18 ಲೀಟರ್ ರಸ ಇದ್ದು ಜೊತೆಗೆ ದ್ರಾಕ್ಷಿ ಸಿಪ್ಪೆಯ ಚೀಲವನ್ನೂ ಕೊಡುವ ಕಿಟ್‌ಗಳು ವರ್ಷದ ಮೇಲೆಯೇ ಬಾಯಿ ಬಿಡುತ್ತವೆ, ಎರಡು ಮೂರು ವರ್ಷ ನಿಲ್ಲುತ್ತವೆ. ಐದು ವರ್ಷ ಎಂಬುದು ಚೆನ್ನಾಗಿ ಕೇಳಿಸುವ ಸಂಖ್ಯೆ. ಇನ್ನೊಂದು ತಪ್ಪು ನಂಬಿಕೆ, ಕಾದರೆ ಹುಳಿ ಇಳಿಯುತ್ತದೆ ಎಂಬುದು. ಒಂದಿಷ್ಟು ಟಾರ್ಟ್ರೇಟ್ ಹರಳಾಗಿ ಬೀಳುವುದು ಬಿಟ್ಟರೆ ಬಾಟಲಿಯಲ್ಲಿ ಆಮ್ಲ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಸುತ್ತಲಿನ ರುಚಿ ಮೆದುವಾಗಿ ಹುಳಿ ಕಡಿಮೆಯಾದಂತೆ ಕಾಣುತ್ತದೆ, ಅಷ್ಟೆ.

ಕಾಯುವುದಕ್ಕೆ ಇನ್ನೊಂದು ಗಡಿ ಇದೆ, ಅದನ್ನು ಹಾಕುವುದು ಸಲ್ಫೈಟ್, ವೈನ್ ಕೆಡದಂತೆ ಬೆರೆಸುವ ಗಂಧಕದ ಲವಣ. ಕಿಟ್‌ನ ಪೊಟ್ಟಣದಲ್ಲಿರುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೇಗ ಕುಡಿದು ಮುಗಿಸುವವರ ಲೆಕ್ಕದ್ದು. ಆರು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಬಾಟಲಿ ತುಂಬುವ ಮೊದಲು ಇನ್ನಷ್ಟು ಹಾಕಿ ಎಂದು ಅನೇಕ ಕೈಪಿಡಿಗಳ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹೀಗೆ 23 ಲೀಟರಿಗೆ ಹೆಚ್ಚುವರಿ ಒಂದೂವರೆ ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 37 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಸೇರುತ್ತದೆ. ವೈನಿಗೆ ಗಾಳಿಯ ವಿರುದ್ಧ ಇರುವ ಮುಖ್ಯ ಕಾವಲು ಇದೇ. ನೀವು ಆ ಹೆಚ್ಚುವರಿ ಪಾಲು ಹಾಕಿದ್ದೀರೆಂದು ಬರೆದಿಲ್ಲ, ಪೊಟ್ಟಣದಲ್ಲಿ ಇದ್ದಷ್ಟೇ ಎಂದು ಇಟ್ಟುಕೊಳ್ಳುತ್ತೇನೆ. ಹಾಗಾದರೆ ಈ 24 ಬಾಟಲಿಗಳನ್ನು ಒಂದು ವರ್ಷ, ಹೆಚ್ಚೆಂದರೆ ಹದಿನೈದು ತಿಂಗಳೊಳಗೆ ಮುಗಿಸುವ ಯೋಜನೆ ಹಾಕಿ.

ಈಗ ಜಾಡಿಯ ಮಾತು. 24 ಬಿರಡೆ ಕಿತ್ತು, 24 ಬಾಟಲಿ ಗಳಗಳನೆ ಸುರಿದರೆ ಏನಾಗುತ್ತದೆ? ಮನೆಯ ತಾಪಮಾನದಲ್ಲಿ ವೈನ್ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಒಂದು ಮಿಲಿಗ್ರಾಂ ಆಮ್ಲಜನಕ ಲೆಕ್ಕಕ್ಕೆ ನಾಲ್ಕು ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡನ್ನು ನುಂಗುತ್ತದೆ. ಎಂಟು ನಾಲ್ಕಲೆ ಮೂವತ್ತೆರಡು. ಒಂದು ಮಧ್ಯಾಹ್ನದ ಈ ಕೆಲಸಕ್ಕೇ ನಿಮ್ಮ ಕಾವಲು ಹೆಚ್ಚುಕಡಿಮೆ ಖಾಲಿಯಾದೀತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ನಾನೂ ಕೊಯ್ದುಕೊಂಡವನೇ: ನನ್ನ ಮೊದಮೊದಲ ಕಿಟ್‌ಗಳಲ್ಲಿ ಒಂದನ್ನು ಹೀಗೆಯೇ ವಾಪಸು ಸುರಿದು, ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿದ ಕಲಕುವ ಕಡ್ಡಿಯಿಂದ ಗರಗರ ತಿರುಗಿಸಿ ಹೆಮ್ಮೆಪಟ್ಟಿದ್ದೆ. ಗ್ಯಾಸ್ ಹೋಯಿತು. ನಾಲ್ಕು ತಿಂಗಳಿಗೆ ವೈನ್ ಕಂದು ಬಣ್ಣಕ್ಕೆ ತಿರುಗಿ, ನಿಮ್ಮ ಡಿಕ್ಯಾಂಟರಿನಲ್ಲಿ ಬಂದ ಅದೇ ಸೇಬಿನ ವಾಸನೆ ಹೊಡೆಯತೊಡಗಿತು. ಬಾಟಲಿಯೊಳಗೆ ಮತ್ತೆ ಹುದುಗು ಎದ್ದಿದ್ದರೆ ಮಾತ್ರ ಜಾಡಿಗೆ ಸುರಿಯದೆ ದಾರಿಯಿಲ್ಲ. ಆಗಲೂ ಜಾಡಿಯ ತಳಕ್ಕೆ ಕೊಳವೆ ಇಳಿಸಿ ಸದ್ದಿಲ್ಲದೆ ಹರಿಸಬೇಕು, ಹುದುಗು ಪೂರ್ತಿ ಮುಗಿಯಲು ಬಿಡಬೇಕು, ಸಲ್ಫೈಟನ್ನು ಆಮೇಲೆ ಅಳೆದು ಹಾಕಬೇಕು.

ಹೀಗಾಗಿ ನಿಮಗೆ ಉಳಿಯುವುದು ಬಸಿಯುವ ದಾರಿ. ಗ್ಯಾಸನ್ನು ಬಾಟಲಿ ಬಾಟಲಿಯಾಗಿ, ಕುಡಿಯುವ ದಿನವೇ ತೆಗೆಯುವುದು. ಮೂರನೆಯ ಗೆಳೆಯ ಅರ್ಧ ಸರಿ. ಅವನು ಗಡಿಯಾರದ ವಿಷಯ ಹೇಳಲು ಮರೆತ.

ಡಿಕ್ಯಾಂಟ್ ಮಾಡುವುದು ಎಂಬ ಒಂದೇ ಹೆಸರಿನಲ್ಲಿ ಎರಡು ಕೆಲಸಗಳಿವೆ. ಒಂದು ಮಡ್ಡಿಯಿಂದ ತಿಳಿಯನ್ನು ಬೇರೆ ಮಾಡುವುದು, ಅದಕ್ಕೆ ಕೈ ಮೆದುವಾಗಿರಬೇಕು. ಇನ್ನೊಂದು ಗ್ಯಾಸ್ ಬಿಡಿಸಿ ಗಾಳಿ ತಾಗಿಸುವುದು, ಅದಕ್ಕೆ ಕೈ ಒರಟಾಗಿರಬೇಕು. ನಿಮಗೆ ಎರಡೂ ಬೇಕು, ಆದರೆ ಒಟ್ಟಿಗಲ್ಲ. ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ವೈನ್ 20 ಡಿಗ್ರಿಯ ಆಸುಪಾಸು ಇರಲಿ. ಬಿರಡೆಯನ್ನು ಅಲುಗಾಡಿಸದೆ ತೆಗೆದು, ಬಾಟಲಿಯ ಕುತ್ತಿಗೆಯ ಹಿಂದೆ ಒಂದು ದೀಪ ಇಟ್ಟುಕೊಂಡು, ಒಂದೇ ಧಾರೆಯಲ್ಲಿ ಜಗ್ಗಿಗೆ ಬಸಿಯಿರಿ. ನಡುವೆ ನಿಲ್ಲಿಸಿ ಬಾಟಲಿ ನೆಟ್ಟಗೆ ಮಾಡಿದರೆ ಮಡ್ಡಿ ಎದ್ದು ಎಲ್ಲ ವ್ಯರ್ಥ. ಕೊನೆಗೆ ಹೊಗೆಯ ಎಳೆಯಂಥದ್ದು ಬಾಟಲಿಯ ಭುಜದ ಹತ್ತಿರ ಹರಿದು ಬರುವುದು ದೀಪದ ಬೆಳಕಿನಲ್ಲಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಮೂವತ್ತು ನಲವತ್ತು ಮಿಲಿಲೀಟರ್ ಹೋಗಲಿ, ಆಸೆ ಪಡಬೇಡಿ. ಆಮೇಲೆ ತಿಳಿಯನ್ನು ಎರಡು ಜಗ್ಗುಗಳ ನಡುವೆ ಎತ್ತರದಿಂದ ಐದಾರು ಸಲ ಹೊಯ್ದಾಡಿ. ಮೇಲೆ ಗುಲಾಬಿ ನೊರೆ ಏಳುತ್ತದೆ, ಹೊಯ್ದಂತೆಲ್ಲ ಕಡಿಮೆಯಾಗುತ್ತದೆ. ಕುಡಿದು ಉಳಿದ ವೈನ್ ಕಾಪಾಡಲೆಂದು ಮಾರುವ, ಬಾಟಲಿಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುವ ಕೈಪಂಪು ನಿಮ್ಮಲ್ಲಿದ್ದರೆ ಇನ್ನೂ ಒಳ್ಳೆಯದು. ಬಸಿದ ವೈನನ್ನು ತೊಳೆದ ಬಾಟಲಿಗೆ ಮುಕ್ಕಾಲು ತುಂಬಿ, ರಬ್ಬರ್ ಮುಚ್ಚಳ ಹಾಕಿ ಪಂಪು ಒತ್ತಿದರೆ ಗುಳ್ಳೆಗಳು ಸಾಲುಸಾಲಾಗಿ ಏಳುವುದು ಕಣ್ಣಿಗೇ ಕಾಣುತ್ತದೆ. ಈ ದಾರಿಯಲ್ಲಿ ಗ್ಯಾಸ್ ಹೋಗುತ್ತದೆ, ಗಾಳಿ ಹೆಚ್ಚು ಸೇರುವುದಿಲ್ಲ.

ನಂತರ ಅರ್ಧ ಗಂಟೆಗೊಮ್ಮೆ ಒಂದು ಗುಟುಕು ನೋಡಿ. ನಿಮ್ಮ ವೈನಿಗೆ ಒಂದು ಗಂಟೆ ಸಾಕೆಂದು ನನ್ನ ಊಹೆ, ಎರಡಕ್ಕಿಂತ ಹೆಚ್ಚು ಬೇಡ. ರಾತ್ರಿಯಿಡೀ ಬಿಟ್ಟಾಗ ಆದದ್ದು ಇಷ್ಟೇ: ಮೊದಲ ಗಂಟೆಯಲ್ಲಿ ಗ್ಯಾಸ್ ಹೋಯಿತು, ಅದು ನಿಮಗೆ ಬೇಕಾದದ್ದು. ಉಳಿದ ಎಂಟೊಂಬತ್ತು ಗಂಟೆ ಆಮ್ಲಜನಕ ಸಲ್ಫೈಟನ್ನು ತಿಂದು, ಮದ್ಯಸಾರದ ಒಂದಂಶವನ್ನು ಅಸಿಟಾಲ್ಡಿಹೈಡ್ ಮಾಡಿತು. ಹೆಚ್ಚಿಟ್ಟ ಸೇಬಿನ ವಾಸನೆ ಅದರದ್ದೇ. ಬಸಿಯುವುದು ಮಾಗುವಿಕೆಗೆ ಅಡ್ಡದಾರಿ ಎಂದು ಮಾರಾಟಗಾರರು ಹೇಳುತ್ತಾರೆ. ಅಲ್ಲ. ತಿಂಗಳುಗಟ್ಟಲೆ ನಡೆಯುವ ಟ್ಯಾನಿನ್ ಬೆಸುಗೆ ಒಂದು ಗಂಟೆಯಲ್ಲಿ ಆಗುವುದಿಲ್ಲ. ಬೋರ್ಡೋದ ಹೆಸರಾಂತ ವೈನ್ ವಿಜ್ಞಾನಿ ಎಮಿಲ್ ಪೆಯ್ನೋ ಅಂತೂ ಮಡ್ಡಿ ಇದ್ದರೆ ಮಾತ್ರ ಬಸಿಯಿರಿ, ಅದೂ ಕುಡಿಯುವ ಹೊತ್ತಿಗೆ, ಗಾಳಿ ತಾಗಿದಷ್ಟೂ ಪರಿಮಳ ಚದುರುತ್ತದೆ ಎನ್ನುತ್ತಿದ್ದರು. ಒಳ್ಳೆಯ ಹಳೆಯ ವೈನಿಗೆ ನಾನು ಅವರ ಪಕ್ಷ. ಗ್ಯಾಸ್ ತುಂಬಿದ ಮೂರು ತಿಂಗಳ ಕಿಟ್ ವೈನಿಗಲ್ಲ.

ಬಿರಡೆ ತೆಗೆದು ಬಾಟಲಿಯನ್ನು ಸುಮ್ಮನೆ ಇಟ್ಟರೆ ‘ಉಸಿರಾಡುತ್ತದೆ’ ಎನ್ನುವವರೂ ಸಿಗುತ್ತಾರೆ. ಕುತ್ತಿಗೆಯಲ್ಲಿ ಗಾಳಿಗೆ ತೆರೆದಿರುವ ವೈನಿನ ವಿಸ್ತಾರ ಮೂರು ಚದರ ಸೆಂಟಿಮೀಟರ್ ಕೂಡ ಇಲ್ಲ. 20 ಸೆಂಟಿಮೀಟರ್ ಅಗಲದ ಡಿಕ್ಯಾಂಟರಿನಲ್ಲಿ ಅದು ಮುನ್ನೂರು ದಾಟುತ್ತದೆ. ಬರೀ ಬಿರಡೆ ತೆಗೆದಿಡುವುದರಿಂದ ಸಿಗುವುದು ತೆಗೆದಿಟ್ಟ ಸಮಾಧಾನ.

ಬೆಂಕಿಕಡ್ಡಿ ವಾಸನೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಗೀರಿದ ಕಡ್ಡಿಯದಾದರೆ ಅದು ಸಲ್ಫೈಟ್ ಅಥವಾ ಮುಚ್ಚಿಟ್ಟ ಗಂಧಕದ ಅಂಶ, ಹೊಯ್ದಾಡಿಸಿದಾಗ ಹೋಗುತ್ತದೆ. ಕೊಳೆತ ಮೊಟ್ಟೆಯದಾದರೆ ಹೈಡ್ರೋಜನ್ ಸಲ್ಫೈಡ್, ಅದೂ ಬಹುಮಟ್ಟಿಗೆ ಹಾರುತ್ತದೆ. ಬೆಂದ ಎಲೆಕೋಸು, ಬೆಳ್ಳುಳ್ಳಿಯಂತಿದ್ದರೆ ಮಾತ್ರ ಮೊಂಡು ಜಾತಿಯದು, ಬಸಿದು ಓಡಿಸಲಾಗದು. ಲೋಟದಲ್ಲಿ ತಾಮ್ರದ ತುಂಡು ಆಡಿಸಿ ನೋಡುವ ಹಳೆಯ ಉಪಾಯ ಕಾರಣ ಪತ್ತೆಗೆ ಸರಿ, ಆ ಲೋಟವನ್ನು ಚೆಲ್ಲಿಬಿಡಿ. ಇಡೀ ಬಾಟಲಿಗೆ ತಾಮ್ರ ಹಾಕುವ ಸಾಹಸ ಬೇಡ.

ಬಾಟಲಿಗಳನ್ನು ಅಡುಗೆಮನೆಯ ಮೇಲಿನ ಕಪಾಟಿನಿಂದ ಇವತ್ತೇ ಇಳಿಸಿ. ಮನೆಯಲ್ಲಿ ವೈನಿಗೆ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು: ಮೇಲೆ ಬಿಸಿ, ದಿನಕ್ಕೆರಡು ಸಲ ಏರಿಳಿತ. ಕಾದಾಗ ವೈನ್ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ, ತಣಿದಾಗ ಗಾಳಿಯನ್ನು ಒಳಗೆಳೆಯುತ್ತದೆ. 12ರಿಂದ 15 ಡಿಗ್ರಿ ಆದರ್ಶ. ಅದು ಸಿಗದಿದ್ದರೆ ಏರಿಳಿತವಿಲ್ಲದ 18 ಡಿಗ್ರಿಯ ಕತ್ತಲೆಯ ಮೂಲೆ ಸಾಕು. ಕಾರ್ಕ್ ಆಗಿದ್ದರೆ ಮಲಗಿಸಿ, ಬಿರಡೆ ಒಣಗಬಾರದು. ತಿರುಪು ಮುಚ್ಚಳಕ್ಕೆ ಮಲಗುವುದೂ ಒಂದೇ ನಿಲ್ಲುವುದೂ ಒಂದೇ.

ಮುಂದಿನ ಕಿಟ್‌ಗೆ ಒಂದೇ ಬದಲಾವಣೆ ಸಾಕು: ಆರು ವಾರಕ್ಕೆ ಬಾಟಲಿ ತುಂಬಬೇಡಿ. ಬೆಚ್ಚಗಿರುವಾಗ ಕಲಕಿ, ತಿಳಿಯಾದ ಮೇಲೆ ಮಡ್ಡಿಯಿಂದ ಬೇರೆ ಜಾಡಿಗೆ ಇಳಿಸಿ, ಬಿರಡೆಯ ಕೆಳಗೆ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಬಿಟ್ಟು ತುಂಬಿ. ಕೊರತೆ ಬಿದ್ದರೆ ಅದೇ ಬಗೆಯ ವೈನ್ ಸೇರಿಸಿ, ನೀರಲ್ಲ. ಏರ್‌ಲಾಕ್ ಹಾಕಿ ಮೂರರಿಂದ ಆರು ತಿಂಗಳು ಬಿಡಿ. ಅದರ ನೀರು ಒಣಗದಂತೆ ವಾರಕ್ಕೊಮ್ಮೆ ನೋಡಿ. ಉಳಿದ ಗ್ಯಾಸ್ ತಾನಾಗಿ ಹೋಗುತ್ತದೆ, ಮಡ್ಡಿ ಜಾಡಿಯಲ್ಲೇ ಉಳಿಯುತ್ತದೆ. ಸಲ್ಫೈಟನ್ನು ಅಳೆದು ಹಾಕಿ ಆಮೇಲೆ ಬಾಟಲಿಗಿಳಿಸಿ. ಹುಳಿ ತಗ್ಗಿಸಲೆಂದು ಮ್ಯಾಲೋಲ್ಯಾಕ್ಟಿಕ್ ಬ್ಯಾಕ್ಟೀರಿಯಾ (ಚೂಪು ಹುಳಿಯನ್ನು ಮೆದು ಹುಳಿಯಾಗಿಸುವ ಜೀವಾಣು) ಹಾಕುವ ಸಲಹೆ ಯಾರಾದರೂ ಕೊಟ್ಟರೆ, ಯೀಸ್ಟ್ ಮತ್ತೆ ಏಳದಂತೆ ತಡೆಯುವ ಸಾರ್ಬೇಟ್ ಇರುವ ಕಿಟ್‌ನಲ್ಲಿ ಅದನ್ನು ಮಾಡಬೇಡಿ. ಬ್ಯಾಕ್ಟೀರಿಯಾ ಸಾರ್ಬೇಟನ್ನು ತಿಂದರೆ ಜೆರೇನಿಯಂ ಎಲೆ ಉಜ್ಜಿದಂಥ ವಾಸನೆ ಹುಟ್ಟುತ್ತದೆ, ಅದಕ್ಕೆ ಮದ್ದಿಲ್ಲ.

24ರಲ್ಲಿ ಒಂದನ್ನು ಈ ವಾರ ತೆರೆದು ಅಂಗೈ ಪರೀಕ್ಷೆ ಮಾಡಿ. ಆರನೆಯ, ಒಂಬತ್ತನೆಯ, ಹನ್ನೆರಡನೆಯ ತಿಂಗಳಿಗೆಂದು ಎರಡೆರಡು ಬಾಟಲಿಗೆ ಚೀಟಿ ಅಂಟಿಸಿ ಬದಿಗಿಡಿ. ‘ಫಟ್’ ಎನ್ನದಿದ್ದರೆ, ಇಲ್ಲವೇ ಹೈಡ್ರೋಮೀಟರ್ 1.000 ದಾಟಿದ್ದರೆ ಮತ್ತೆ ಬರೆಯಿರಿ. ಪೆಟ್ಟಿಗೆ ಎಷ್ಟು ಲೀಟರಿನದು, ಒಳಗೆ ಸಿಪ್ಪೆಯ ಚೀಲ ಇತ್ತೇ ಎಂಬುದನ್ನೂ ಈ ಸಲ ಸೇರಿಸಿ.